ಅಳತೆ ತಪ್ಪಿದ ಗಂಡಸರ ಪತ್ರಿಕೆ

1933ರ ಶರತ್ಕಾಲ. ಅಮೆರಿಕದಲ್ಲಿ ಬ್ಯಾಂಕುಗಳು ಒಂದರ ಹಿಂದೊಂದು ಮುಳುಗಿದ್ದವು, ಕೆಲಸ ಕಳೆದುಕೊಂಡವರು ಗಂಜಿಗಾಗಿ ಸಾಲು ನಿಂತಿದ್ದರು. ಅಂಥ ವರ್ಷವನ್ನೇ ಆರಿಸಿಕೊಂಡವರಂತೆ ಷಿಕಾಗೊದ ಕೆಲವರು ಗಂಡಸರ ಉಡುಗೆ-ತೊಡುಗೆಗೆಂದು ಒಂದು ಪತ್ರಿಕೆ ಹೊರಡಿಸಿದರು. ಬೆಲೆ 50 ಸೆಂಟ್. ಮನೆಮನೆಗೆ ಬರುತ್ತಿದ್ದ ‘ಸ್ಯಾಟರ್‌ಡೇ ಈವನಿಂಗ್ ಪೋಸ್ಟ್’ ಆಗ 5 ಸೆಂಟಿಗೆ ಸಿಗುತ್ತಿತ್ತು. ಹೊಸ ಪತ್ರಿಕೆಯ ಹೆಸರು ‘ಎಸ್ಕ್ವೈರ್’. ಮೊದಲ ಸಂಚಿಕೆ ಲಕ್ಷಕ್ಕೂ ಹೆಚ್ಚು ಪ್ರತಿ ಅಚ್ಚಾಗಿದ್ದರೂ ಪತ್ರಿಕೆ ಮಾರುವ ಕಟ್ಟೆಗಳಿಗೆ ಹೋದದ್ದು 5 ಸಾವಿರ ಮಾತ್ರ. ಮಿಕ್ಕದ್ದೆಲ್ಲ ಗಂಡಸರ ಬಟ್ಟೆ ಅಂಗಡಿಗಳಿಗೆ. ಕಟ್ಟೆಗೆ ಬಂದ ಪ್ರತಿಗಳು ನೋಡನೋಡುತ್ತಲೇ ಖಾಲಿಯಾದವು. ಪ್ರಕಾಶಕರು ಅಂಗಡಿಗಳಿಗೆ ಕಳಿಸಿದ್ದ ಕಟ್ಟುಗಳನ್ನು ವಾಪಸು ತರಿಸಿ ಕಟ್ಟೆಗಳಿಗೆ ಹಂಚಬೇಕಾಯಿತು. ಮೂರು ತಿಂಗಳಿಗೊಮ್ಮೆ ತರೋಣವೆಂದುಕೊಂಡಿದ್ದ ಪತ್ರಿಕೆ 1934ರ ಜನವರಿಯಿಂದ ತಿಂಗಳಿಗೊಂದಾಯಿತು.

ಇದಕ್ಕೂ ಎರಡು ವರ್ಷ ಮೊದಲು, 1931ರಲ್ಲಿ, ಅದೇ ಬಳಗ ‘ಅಪ್ಯಾರಲ್ ಆರ್ಟ್ಸ್’ ಎಂಬ ದಪ್ಪನೆಯ ಪತ್ರಿಕೆ ತರುತ್ತಿತ್ತು. ಅದು ಓದುಗರಿಗಲ್ಲ, ವ್ಯಾಪಾರಿಗಳಿಗೆ. ನಿಜವಾದ ಬಟ್ಟೆಯ ತುಂಡುಗಳನ್ನು ಪುಟಗಳಿಗೆ ಅಂಟಿಸಿರುತ್ತಿದ್ದರು. ಅಂಗಡಿಯವನು ಅದನ್ನು ಗಲ್ಲಾದ ಮೇಲಿಟ್ಟು ಗಿರಾಕಿಗೆ ತೋರಿಸುತ್ತಿದ್ದ, ಗಿರಾಕಿ ಕಣ್ತಪ್ಪಿಸಿ ಅದನ್ನೇ ಮನೆಗೆ ಒಯ್ಯುತ್ತಿದ್ದ. ಹಾಗಾದರೆ ಗಿರಾಕಿಗೇ ಒಂದು ಪತ್ರಿಕೆ ಮಾಡಿಕೊಡೋಣವೆಂಬ ಯೋಚನೆ ಅಲ್ಲಿಂದ ಹುಟ್ಟಿತು ಎನ್ನುತ್ತಾರೆ. ಮುಂದೆ 1957ರಲ್ಲಿ ‘ಅಪ್ಯಾರಲ್ ಆರ್ಟ್ಸ್’ ಕೂಡ ಹೆಸರು ಬದಲಿಸಿಕೊಂಡು ‘ಜಂಟಲ್‌ಮೆನ್ಸ್ ಕ್ವಾರ್ಟರ್ಲಿ’ ಆಯಿತು. ಇಂದು ಜಗತ್ತೆಲ್ಲ ‘ಜಿಕ್ಯೂ’ ಎಂದು ಕರೆಯುವುದು ಅದನ್ನೇ. ಅಂದರೆ ಗಂಡಸರ ಫ್ಯಾಷನ್ನಿನ ಎರಡು ದೊಡ್ಡ ಪತ್ರಿಕೆಗಳೂ ಬಟ್ಟೆ ಅಂಗಡಿಯ ಗಲ್ಲಾದ ಮೇಲೆ ಹುಟ್ಟಿದ ಕೂಸುಗಳು. ಅವುಗಳ ಏಳುಬೀಳು ಅರ್ಥವಾಗಬೇಕಾದರೆ ಈ ಹುಟ್ಟನ್ನು ನೆನಪಿಟ್ಟುಕೊಳ್ಳಬೇಕು.

ಬಟ್ಟೆಯ ಬಗ್ಗೆ ಓದುವುದೆಂದರೆ ಗಂಡಸರಿಗೆ ಆಗ ನಾಚಿಕೆಯ ವಿಷಯ. ಇದನ್ನು ‘ಎಸ್ಕ್ವೈರ್’ನ ಸಂಪಾದಕ ಆರ್ನಾಲ್ಡ್ ಗಿಂಗ್ರಿಚ್ ಚೆನ್ನಾಗಿ ಅರಿತಿದ್ದ. ಕೋಟಿನ ಚಿತ್ರದ ಪಕ್ಕದಲ್ಲಿ ಬೇಟೆ, ಮೀನು, ಕುಸ್ತಿ, ಗಟ್ಟಿ ಕತೆ ಇಟ್ಟರೆ ಆ ನಾಚಿಕೆ ಹೋಗುತ್ತದೆಂದು ಲೆಕ್ಕ ಹಾಕಿದ. ಮೊದಲ ಸಂಚಿಕೆಯಲ್ಲೇ ಅರ್ನೆಸ್ಟ್ ಹೆಮಿಂಗ್ವೆ, ಜಾನ್ ಡಾಸ್ ಪ್ಯಾಸೋಸ್, ಡ್ಯಾಶಿಯೆಲ್ ಹ್ಯಾಮೆಟ್ ಇದ್ದರು. ಹೆಮಿಂಗ್ವೆಯ ‘ದಿ ಸ್ನೋಸ್ ಆಫ್ ಕಿಲಿಮಂಜಾರೊ’ 1936ರಲ್ಲಿ ಮೊದಲು ಅಚ್ಚಾದದ್ದು ಈ ಪತ್ರಿಕೆಯಲ್ಲೇ. ಸ್ಕಾಟ್ ಫಿಟ್ಜೆರಾಲ್ಡ್ ತನ್ನ ಬದುಕು ಬಿರುಕು ಬಿಟ್ಟ ಬಗೆಯನ್ನು ಬರೆದುಕೊಂಡ ಪ್ರಬಂಧಗಳೂ ಅದೇ ವರ್ಷ ಇಲ್ಲೇ ಬಂದವು. ಸಾಹಿತ್ಯವನ್ನು ಕರೆತಂದದ್ದು ಬಟ್ಟೆ ಪುಟಗಳ ಮುಜುಗರ ಮುಚ್ಚಲು. ಕೊನೆಗೆ ಹೆಸರು ಉಳಿಸಿದ್ದು ಮಾತ್ರ ಸಾಹಿತ್ಯವೇ. ಅಶ್ಲೀಲವೆಂದು ಅಂಚೆ ಇಲಾಖೆ ಅದರ ರಿಯಾಯಿತಿ ದರ ಕಿತ್ತುಕೊಳ್ಳಹೊರಟಾಗ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ, 1946ರಲ್ಲಿ ಪತ್ರಿಕೆಯೇ ಗೆದ್ದಿತು.

ಅರವತ್ತರ ದಶಕ ಈ ಪತ್ರಿಕೆಯ ಭರ್ಜರಿ ಕಾಲ. ಹೆರಾಲ್ಡ್ ಹೇಯ್ಸ್ ಸಂಪಾದಕ, ಮುಖಪುಟಗಳಿಗೆ ಜಾರ್ಜ್ ಲೋಯಿಸ್. 1968ರ ಏಪ್ರಿಲ್ ಸಂಚಿಕೆಯ ಮುಖಪುಟದಲ್ಲಿ ಬಾಕ್ಸರ್ ಮೊಹಮ್ಮದ್ ಅಲಿ ಮೈಗೆ ಬಾಣ ನೆಟ್ಟುಕೊಂಡು ಸಂತ ಸೆಬಾಸ್ಟಿಯನ್ನನಂತೆ ನಿಂತಿದ್ದಾರೆ. ವಿಯೆಟ್ನಾಂ ಯುದ್ಧಕ್ಕೆ ಹೋಗಲೊಲ್ಲೆನೆಂದು ಪಟ್ಟ ಕಳೆದುಕೊಂಡಿದ್ದ ದಿನಗಳವು. 1965ರಲ್ಲಿ ಪತ್ರಕರ್ತ ಗೇ ಟಲೀಸ್ ಗಾಯಕ ಫ್ರ್ಯಾಂಕ್ ಸಿನಾಟ್ರಾನನ್ನು ಸಂದರ್ಶಿಸಲು ಹೋದ. ನೆಗಡಿಯಾಗಿದೆ, ಮಾತಾಡುವುದಿಲ್ಲ ಎಂಬ ಉತ್ತರ ಬಂತು. ಟಲೀಸ್ ವಾಪಸಾಗದೆ ಸಿನಾಟ್ರಾನ ಸುತ್ತಲಿದ್ದವರನ್ನೆಲ್ಲ ಮಾತಾಡಿಸಿ, ಆ ನೆಗಡಿಯ ಬಗ್ಗೆಯೇ ಬರೆದ. ಅಮೆರಿಕದ ಪತ್ರಿಕೋದ್ಯಮ ತರಗತಿಗಳಲ್ಲಿ ಇಂದಿಗೂ ಓದಿಸುವ ಬರಹ ಅದು. ಟೈ ಕಟ್ಟುವುದು ಹೇಗೆಂದು ತಿಳಿಯಲು ಪತ್ರಿಕೆ ಕೊಂಡವನಿಗೆ ಅದೇ ದುಡ್ಡಿನಲ್ಲಿ ಇಂಥ ಓದು ಸಿಗುತ್ತಿತ್ತು.

ದುಡ್ಡು ಕೊಡುವವರು ಯಾರು?

ಇಂಥ ಪತ್ರಿಕೆಗಳ ಆಯ-ವ್ಯಯ ನಮ್ಮ ವಾರಪತ್ರಿಕೆಗಳ ಹಾಗಲ್ಲ. ನುಣುಪು ಕಾಗದ, ನಾಲ್ಕು ಬಣ್ಣ, ದುಬಾರಿ ಛಾಯಾಗ್ರಾಹಕ. ಓದುಗ ಕೊಡುವ ದುಡ್ಡು ಅಚ್ಚಿನ ಖರ್ಚಿಗೂ ಸಾಲುವುದಿಲ್ಲ. ಅಮೆರಿಕದಲ್ಲಿ ಇವುಗಳ ಇಡೀ ವರ್ಷದ ಚಂದಾ ಹತ್ತು-ಹನ್ನೆರಡು ಡಾಲರಿಗೂ ಸಿಗುತ್ತಿದ್ದ ಕಾಲವಿತ್ತು. ಅಷ್ಟು ಅಗ್ಗಕ್ಕೆ ಕೊಟ್ಟು ಚಂದಾದಾರರ ಸಂಖ್ಯೆ ಬೆಳೆಸುವುದು, ಆ ಸಂಖ್ಯೆಯನ್ನು ಸೆಂಟು, ಗಡಿಯಾರ, ಕಾರು, ಸೂಟುಗಳ ಕಂಪನಿಗಳಿಗೆ ತೋರಿಸಿ ಜಾಹೀರಾತು ಪುಟ ಮಾರುವುದು, ವ್ಯಾಪಾರ ಇದು. ಇಲ್ಲಿ ಓದುಗ ಗಿರಾಕಿಯಲ್ಲ, ಸರಕು.

ಇದರಲ್ಲಿ ಮುಚ್ಚುಮರೆಯೇನೂ ಇಲ್ಲ, ಎಲ್ಲರಿಗೂ ಗೊತ್ತಿರುವ ವಿಷಯವೇ. ಆದರೆ ಬಟ್ಟೆಯ ವಿಚಾರಕ್ಕೆ ಬಂದಾಗ ಇದರ ಪರಿಣಾಮ ಬೇರೆ. ಸಿನಿಮಾ ಪುಟದಲ್ಲಿ ಚಿತ್ರ ಕೆಟ್ಟದಾಗಿದೆ ಎಂದು ಬರೆಯಬಹುದು, ಪುಸ್ತಕ ವಿಮರ್ಶೆಯಲ್ಲಿ ಕಾದಂಬರಿಯನ್ನು ತೆಗಳಬಹುದು. ‘ಈ ಕಂಪನಿಯ ಕೋಟಿಗೆ ಇಷ್ಟು ಬೆಲೆ ಕೊಡುವುದು ದಂಡ, ಎದೆಯ ಪದರವನ್ನು ಹೊಲಿದಿಲ್ಲ, ಅಂಟು ಹಾಕಿ ಅಂಟಿಸಿದ್ದಾರೆ, ನಾಲ್ಕು ಸಲ ಡ್ರೈಕ್ಲೀನಿಂಗಿಗೆ ಕೊಟ್ಟರೆ ಗುಳ್ಳೆ ಏಳುತ್ತದೆ’ ಎಂದು ಫ್ಯಾಷನ್ ಪತ್ರಿಕೆ ಬರೆಯುವಂತಿಲ್ಲ. ಆ ಕಂಪನಿಯ ಜಾಹೀರಾತು ಇಪ್ಪತ್ತು ಪುಟ ಹಿಂದೆ ಇದ್ದೇ ಇರುತ್ತದೆ. ಹಾಗಾಗಿ ದಶಕಗಟ್ಟಲೆ ಗಂಡಸರ ಪತ್ರಿಕೆ ಬಟ್ಟೆಯನ್ನು ತೋರಿಸಿತು, ವಿಮರ್ಶಿಸಲಿಲ್ಲ. ಚಿತ್ರದ ಕೆಳಗಿನ ಸಣ್ಣಕ್ಷರದಲ್ಲಿ ಕಂಪನಿಯ ಹೆಸರು, ಅದರ ಮುಂದೆ ಒಬ್ಬ ಗುಮಾಸ್ತನ ತಿಂಗಳ ಸಂಬಳದಷ್ಟು ಬೆಲೆ. ಇಲ್ಲವಾದರೆ ‘ಬೆಲೆ ವಿಚಾರಿಸಿದಲ್ಲಿ ತಿಳಿಸಲಾಗುವುದು’. ವಿಚಾರಿಸುವ ಧೈರ್ಯ ಯಾರಿಗಿದೆ!

1979ರಲ್ಲಿ ‘ಜಿಕ್ಯೂ’ವನ್ನು ಕಾಂಡೆ ನಾಸ್ಟ್ ಸಂಸ್ಥೆ ಕೊಂಡಿತು. ಮರುವರ್ಷ ಬಂದ ‘ಅಮೆರಿಕನ್ ಜಿಗೊಲೊ’ ಚಿತ್ರದಲ್ಲಿ ರಿಚರ್ಡ್ ಗಿಯರ್ ಅರ್ಮಾನಿಯ ಮೆತ್ತನೆಯ ಸೂಟುಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡು ಆರಿಸಿದ್ದನ್ನು ನೋಡಿ ಗಂಡಸರ ನಾಚಿಕೆ ಅರ್ಧ ಹೋಯಿತು. ಎಂಬತ್ತು, ತೊಂಬತ್ತರ ದಶಕದಲ್ಲಿ ಇಟಲಿಯ ಕಂಪನಿಗಳ ಜಾಹೀರಾತು ತುಂಬಿ ತುಳುಕಿ, ಹಬ್ಬದ ಸಂಚಿಕೆಗಳು ಒಂದೇ ಕೈಯಲ್ಲಿ ಎತ್ತಲಾಗದಷ್ಟು ದಪ್ಪವಾದವು. ಬ್ರಿಟನ್ನಿನಲ್ಲಿ 1986ಕ್ಕೆ ‘ಅರೀನಾ’, 1988ಕ್ಕೆ ಬ್ರಿಟಿಷ್ ‘ಜಿಕ್ಯೂ’, 1991ಕ್ಕೆ ಬ್ರಿಟಿಷ್ ‘ಎಸ್ಕ್ವೈರ್’ ಬಂದವು.

ಆಮೇಲೆ ಬಂದದ್ದು ಬೇರೆಯೇ ಗಾಳಿ. 1994ರಲ್ಲಿ ‘ಲೋಡೆಡ್’, ಅದೇ ವರ್ಷ ಕೈ ಬದಲಾದ ‘ಎಫ್‌ಎಚ್‌ಎಂ’, 1995ರಲ್ಲಿ ‘ಮ್ಯಾಕ್ಸಿಮ್’. ಫುಟ್ಬಾಲ್, ಬಿಯರ್, ಪೋಲಿ ಹಾಸ್ಯ, ಮುಖಪುಟದಲ್ಲಿ ಅರೆಬಟ್ಟೆಯ ನಟಿ. ‘ಎಫ್‌ಎಚ್‌ಎಂ’ ಒಂದು ಹಂತದಲ್ಲಿ ಬ್ರಿಟನ್ನಿನಲ್ಲೇ 7 ಲಕ್ಷಕ್ಕೂ ಹೆಚ್ಚು ಪ್ರತಿ ಮಾರುತ್ತಿತ್ತು. ಇವುಗಳನ್ನು ಫ್ಯಾಷನ್ ಪತ್ರಿಕೆ ಎನ್ನುವುದೇ ತಪ್ಪು. ಆದರೂ ಜೀನ್ಸು, ಗಡಿಯಾರದ ನಾಲ್ಕು ಪುಟ ಸೇರಿಸಿ ಅವೂ ಅದೇ ಜಾಹೀರಾತಿನ ತಟ್ಟೆಗೆ ಕೈ ಹಾಕಿದವು. ಇವು ಮಾರುತ್ತಿದ್ದ ಚಿತ್ರಗಳು ಮೊಬೈಲಿನಲ್ಲಿ ಪುಕ್ಕಟೆ ಸಿಗತೊಡಗಿದ ದಿನವೇ ಇವುಗಳ ಆಯುಷ್ಯ ಮುಗಿಯಿತು. ಮುಚ್ಚುವ ಹೊತ್ತಿಗೆ ‘ಎಫ್‌ಎಚ್‌ಎಂ’ ಮಾರಾಟ ಹತ್ತರಲ್ಲೊಂದು ಪಾಲಿಗೆ ಇಳಿದಿತ್ತು. ಇವುಗಳಿಗಾಗಿ ಕಣ್ಣೀರು ಹಾಕಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ.

ಉಳಿದವುಗಳ ಕತೆ ಬೇರೆ. ಗಂಡಸರಿಗೂ ಕೊಳ್ಳುವ ಪಟ್ಟಿ ಬೇಕೆಂದು 2004ರಲ್ಲಿ ಕಾಂಡೆ ನಾಸ್ಟ್ ತಂದ ‘ಕಾರ್ಗೊ’ ಎರಡೇ ವರ್ಷ ಬಾಳಿತು. 2005ರ ‘ಮೆನ್ಸ್ ವೋಗ್’ 2008ರ ಆರ್ಥಿಕ ಕುಸಿತದಲ್ಲಿ ಹೋಯಿತು. ‘ಅರೀನಾ’ 2009ರಲ್ಲಿ, ಮೂರು ದಶಕ ಕಂಡ ‘ಡೀಟೇಲ್ಸ್’ 2015ರ ಕೊನೆಯಲ್ಲಿ ನಿಂತವು. ‘ಪ್ಲೇಬಾಯ್’ 2020ರ ವಸಂತದ ಸಂಚಿಕೆಯ ಬಳಿಕ ಅಮೆರಿಕದಲ್ಲಿ ಅಚ್ಚು ನಿಲ್ಲಿಸಿತು. ಬದುಕುಳಿದ ‘ಜಿಕ್ಯೂ’ ಕೂಡ ಮೊದಲಿನದಲ್ಲ. ಹಲವು ದೇಶಗಳ ಆವೃತ್ತಿಗಳನ್ನು ಒಂದೇ ಸಂಪಾದಕೀಯ ಸೂರಿನಡಿ ತಂದರು; 22 ವರ್ಷ ಬ್ರಿಟಿಷ್ ‘ಜಿಕ್ಯೂ’ ನಡೆಸಿದ ಡಿಲನ್ ಜೋನ್ಸ್ 2021ರಲ್ಲಿ ಹೊರನಡೆದರು. ಒಂದೇ ಮುಖಪುಟ, ಒಂದೇ ಲೇಖನ ಹಲವು ದೇಶಗಳಲ್ಲಿ ಕಾಣಿಸಿಕೊಳ್ಳುವುದು ಈಗ ಮಾಮೂಲು.

ಇಂಟರ್ನೆಟ್ ಬಂತು, ಪತ್ರಿಕೆ ಸತ್ತಿತು ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದು ಸುಲಭ. ಅರ್ಧ ಸತ್ಯ ಅದರಲ್ಲಿದೆ. ಜಾಹೀರಾತಿನ ದುಡ್ಡು ಗೂಗಲ್ಲಿಗೆ, ಫೇಸ್‌ಬುಕ್ಕಿಗೆ ಹರಿಯಿತು. ಚಿತ್ರನಟನಿಗೆ ಜನರ ಮುಂದೆ ಬರಲು ಮುಖಪುಟ ಬೇಕಿತ್ತು, ಈಗ ಅವನ ಕೈಯಲ್ಲೇ ಕೋಟಿ ಅನುಯಾಯಿಗಳ ಖಾತೆ ಇದೆ. ಗಡಿಯಾರದ ಕಂಪನಿ ನೇರವಾಗಿ ಅವನಿಗೇ ದುಡ್ಡು ಕೊಡುತ್ತದೆ, ನಡುವಿನ ಪತ್ರಿಕೆ ಯಾರಿಗೂ ಬೇಡ. ಆದರೆ ಇದು ಜಾಹೀರಾತುದಾರ ಯಾಕೆ ಹೋದ ಎಂಬುದಕ್ಕೆ ಉತ್ತರ. ಓದುಗ ಯಾಕೆ ಹೋದ?

ಓದುಗ ಕೇಳಿದ್ದೇ ಬೇರೆ

ಓದುಗ ಹೋದದ್ದು ಜಾಹೀರಾತುದಾರನಿಗಿಂತ ಮೊದಲು. ಈ ಶತಮಾನದ ಆರಂಭದಿಂದಲೇ ಗಂಡಸರು ಅಂತರ್ಜಾಲದಲ್ಲಿ ಗುಂಪುಗೂಡಿ ಬೂಟಿನ ಅಟ್ಟೆ, ಶರ್ಟಿನ ಗುಂಡಿ, ಕೋಟಿನ ಭುಜದ ಬಗ್ಗೆ ಪುಟಗಟ್ಟಲೆ ಚರ್ಚಿಸತೊಡಗಿದರು. 2005ರಲ್ಲಿ ಸ್ಕಾಟ್ ಶೂಮನ್ ನ್ಯೂಯಾರ್ಕಿನ ಬೀದಿಗಳಲ್ಲಿ ಚೆನ್ನಾಗಿ ಬಟ್ಟೆ ತೊಟ್ಟ ಸಾಮಾನ್ಯರ ಫೋಟೊ ತೆಗೆದು ‘ದಿ ಸಾರ್ಟೋರಿಯಲಿಸ್ಟ್’ ಎಂಬ ತಾಣದಲ್ಲಿ ಹಾಕಲು ಶುರುಮಾಡಿದ. ಅಲ್ಲಿದ್ದವರು ಮಾಡೆಲ್‌ಗಳಲ್ಲ, ಹೊಟ್ಟೆ ಬಂದವರು, ತಲೆ ನೆರೆತವರು, ಸೈಕಲ್ಲಿನಲ್ಲಿ ಹೋಗುತ್ತಿದ್ದವರು. ಲಂಡನ್ನಿನ ಸೈಮನ್ ಕ್ರಾಂಪ್ಟನ್ 2007ರಿಂದ ‘ಪರ್ಮನೆಂಟ್ ಸ್ಟೈಲ್’ನಲ್ಲಿ ತಾನು ಹೊಲಿಸಿಕೊಂಡ ಸೂಟುಗಳ ಬಗ್ಗೆ ಬರೆಯುತ್ತ ಬಂದಿದ್ದಾನೆ: ಯಾವ ಟೈಲರ್, ಎಷ್ಟು ಟ್ರಯಲ್, ಎಷ್ಟು ಬೆಲೆ, ಎಲ್ಲಿ ಸರಿಬರಲಿಲ್ಲ, ಕೆಲವು ವರ್ಷದ ಬಳಿಕ ಅದು ಹೇಗಿದೆ. ಹಳೆಯ ಪತ್ರಿಕೆಗಳು ಕೇಳದೆ ಬಿಟ್ಟ ಪ್ರಶ್ನೆಗಳೇ ಇವು.

ಡೆರೆಕ್ ಗೈ ಎಂಬ ಬರಹಗಾರನ ಉದಾಹರಣೆ ಇನ್ನೂ ಸ್ವಾರಸ್ಯಕರ. ವರ್ಷಗಟ್ಟಲೆ ತನ್ನ ಪಾಡಿಗೆ ಗಂಡಸರ ಉಡುಪಿನ ಬಗ್ಗೆ ಬರೆಯುತ್ತಿದ್ದ ಈತ 2022-23ರ ಹೊತ್ತಿಗೆ ಟ್ವಿಟರಿನಲ್ಲಿ ಕೇಳದವರಿಗೂ ಕಾಣಿಸಿಕೊಳ್ಳತೊಡಗಿದ. ರಾಜಕಾರಣಿಗಳ ಫೋಟೊ ಹಾಕಿ, ಕೋಟಿನ ಕಾಲರ್ ಕುತ್ತಿಗೆಯಿಂದ ಯಾಕೆ ದೂರ ನಿಂತಿದೆ, ಪ್ಯಾಂಟಿನ ಮುಂಭಾಗ ಯಾಕೆ ಎಳೆಯುತ್ತಿದೆ, ಅದನ್ನು ಕತ್ತರಿಸಿದವನು ಎಲ್ಲಿ ಎಡವಿದ ಎಂದು ಬಿಡಿಸಿ ಹೇಳುವುದು ಅವನ ರೀತಿ. ಬಟ್ಟೆಯಲ್ಲಿ ಆಸಕ್ತಿಯೇ ಇಲ್ಲವೆಂದುಕೊಂಡಿದ್ದ ಲಕ್ಷಾಂತರ ಜನ ಓದಿದರು. ಗಂಡಸರಿಗೆ ಬಟ್ಟೆಯ ಬಗ್ಗೆ ಗಂಭೀರ ಓದು ಬೇಕಿಲ್ಲ ಎಂಬ ಪತ್ರಿಕೆಗಳ ಹಳೆಯ ನಂಬಿಕೆ ಅಲ್ಲಿಗೆ ಸುಳ್ಳಾಯಿತು.

ಓದುಗನಿಗೆ ಬೇಕಿದ್ದ ಮಾತು ಎಷ್ಟು ಸರಳ ಎಂಬುದಕ್ಕೆ ಒಂದೆರಡು ಉದಾಹರಣೆ ಕೊಡುತ್ತೇನೆ. ಸಿದ್ಧ ಉಡುಪಿನ ಶರ್ಟು ಕೊಳ್ಳುವಾಗ ಮೊದಲು ನೋಡಬೇಕಾದದ್ದು ಭುಜದ ಹೊಲಿಗೆ. ಅದು ಭುಜದ ಮೂಳೆ ಮುಗಿಯುವಲ್ಲಿ ಕೂರಬೇಕು. ಸೊಂಟ ಲೂಸಾದರೆ, ತೋಳು ಉದ್ದವಾದರೆ ಬೀದಿ ಕೊನೆಯ ಟೈಲರ್ ಸರಿಮಾಡಿಕೊಡುತ್ತಾನೆ. ಭುಜ ತಪ್ಪಿದರೆ ಇಡೀ ಅಂಗಿ ಬಿಚ್ಚಿ ಹೊಲಿಯಬೇಕು, ಯಾರೂ ಒಪ್ಪುವುದಿಲ್ಲ. ಕೋಟು ಕೊಳ್ಳುವಾಗ ಕೆಳಗಿನ ಗುಂಡಿಯ ಹತ್ತಿರ ಬಟ್ಟೆಯ ಎರಡೂ ಮುಖವನ್ನು ಬೆರಳುಗಳಲ್ಲಿ ಹಿಡಿದು ಮೆಲ್ಲಗೆ ಬೇರ್ಪಡಿಸಿ ನೋಡಿ: ನಡುವೆ ಇನ್ನೊಂದು ಪದರ ಜಾರಾಡಿದರೆ ಅದು ಕ್ಯಾನ್ವಾಸ್ ಹಾಕಿ ಹೊಲಿದದ್ದು, ಇಲ್ಲವಾದರೆ ಅಂಟಿಸಿದ್ದು. ಹತ್ತಿ ಬಟ್ಟೆಯನ್ನು ಹೊಲಿಯಲು ಕೊಡುವ ಮುನ್ನ ನೀರಿಗೆ ಹಾಕಿ ಒಣಗಿಸಿ ಕೊಡಬೇಕು, ಆಮೇಲೆ ಕುಗ್ಗಿದರೆ ಟೈಲರನ್ನು ಬೈದು ಪ್ರಯೋಜನವಿಲ್ಲ. ಇಷ್ಟು ಹೇಳಲು ಇಟಲಿಯ ಸಮುದ್ರತೀರದಲ್ಲಿ ಮಾಡೆಲ್‌ನನ್ನು ನಿಲ್ಲಿಸಬೇಕಿಲ್ಲ. ಆದರೆ ಇಷ್ಟು ತಿಳಿದವನು ಬ್ರ್ಯಾಂಡಿನ ಹೆಸರಿಗೆ ಮರುಳಾಗುವುದು ಕಷ್ಟ.

ಹಾಗೆಂದು ಹೊಸ ದಾರಿ ಶುದ್ಧವಾಗಿದೆ ಎಂದುಕೊಳ್ಳಬೇಡಿ. ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಮಾತುಗಾರರಲ್ಲಿ ಬಹುಪಾಲು ಜನ ಕಂಪನಿಗಳಿಂದ ಪುಕ್ಕಟೆ ಬಟ್ಟೆ ಪಡೆದು, ಕೊಂಡಿ ಒತ್ತಿ ಕೊಂಡವರ ಲೆಕ್ಕದಲ್ಲಿ ಕಮಿಷನ್ ಎಣಿಸಿಕೊಳ್ಳುವವರೇ. ಹಳೆಯ ಪತ್ರಿಕೆಯಲ್ಲಿ ಕನಿಷ್ಠ ಜಾಹೀರಾತಿನ ಪುಟ ಬೇರೆ, ಲೇಖನದ ಪುಟ ಬೇರೆ ಎಂಬ ಗೆರೆಯಿತ್ತು. ಇಲ್ಲಿ ಮಾತೇ ಜಾಹೀರಾತು. ಇದಕ್ಕೆ ಬೇಸತ್ತವರು ಈಗ ಮತ್ತೆ ಕೈಯಿಂದ ದುಡ್ಡು ಕೊಟ್ಟು ಓದುವ ದಾರಿ ಹಿಡಿದಿದ್ದಾರೆ. 2020ರಲ್ಲಿ ಜೋನಾ ವೈನರ್ ಮತ್ತು ಎರಿನ್ ವೈಲಿ ಆರಂಭಿಸಿದ ‘ಬ್ಲ್ಯಾಕ್‌ಬರ್ಡ್ ಸ್ಪೈಪ್ಲೇನ್’ ಎಂಬ ಇಮೇಲ್ ಪತ್ರಿಕೆ ನಡೆಯುವುದು ಚಂದಾದಾರರ ದುಡ್ಡಿನಿಂದ. ಅಚ್ಚಿನಲ್ಲೂ ಅಂಥ ಒಂದು ಸಣ್ಣ ಸಾಲಿದೆ: ಆಮ್‌ಸ್ಟರ್‌ಡ್ಯಾಮಿನ ಇಬ್ಬರು 2005ರಲ್ಲಿ ಆರಂಭಿಸಿದ ‘ಫೆಂಟಾಸ್ಟಿಕ್ ಮ್ಯಾನ್’, 2008ರಲ್ಲಿ ಸಿಂಗಪುರದಲ್ಲಿ ಹುಟ್ಟಿದ ‘ದಿ ರೇಕ್’. ಕಡಿಮೆ ಸಂಚಿಕೆ, ಹೆಚ್ಚು ಬೆಲೆ, ಕಪಾಟಿನಲ್ಲಿ ಎತ್ತಿಡುವಂಥ ಕಾಗದ. ಲಕ್ಷಗಟ್ಟಲೆ ಓದುಗರ ಆಸೆಯನ್ನು ಅವು ಇಟ್ಟುಕೊಂಡಿಲ್ಲ.

ಜಪಾನಿನ ಮಾತು ಬರದೆ ಈ ವಿಷಯ ಪೂರ್ತಿಯಾಗುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೋತ ದೇಶದ ಹುಡುಗರಿಗೆ ಅಮೆರಿಕದ ಉಡುಪು ಹೇಗೆ ತೊಡುವುದೆಂದು ತಿಳಿಯದು. ಮನೆಯಲ್ಲಿ ಅಪ್ಪನಿಗೂ ತಿಳಿಯದು. ಕೆನ್ಸುಕೆ ಇಶಿಜು ಎಂಬ ವ್ಯಾಪಾರಿ ‘ವ್ಯಾನ್ ಜಾಕೆಟ್’ ಕಂಪನಿ ಕಟ್ಟಿದ. 1954ರಲ್ಲಿ ಆರಂಭವಾಗಿ ಮುಂದೆ ‘ಮೆನ್ಸ್ ಕ್ಲಬ್’ ಎಂದು ಹೆಸರಾದ ಪತ್ರಿಕೆಗೆ ತಾನೇ ಬರೆದ, ಪ್ರತಿಗಳನ್ನು ಸಗಟಿನಲ್ಲಿ ಕೊಂಡು ತನ್ನ ಬಟ್ಟೆ ಮಾರುವ ಅಂಗಡಿಗಳಿಗೆ ಕಳಿಸಿದ. ಇಲ್ಲಿಯೂ ಅಂಗಡಿಯ ನಂಟೇ. ವ್ಯತ್ಯಾಸ ಪುಟಗಳ ಒಳಗಿತ್ತು. ಯಾವ ಹೊತ್ತಿಗೆ, ಯಾವ ಜಾಗಕ್ಕೆ, ಯಾವ ಸಂದರ್ಭಕ್ಕೆ ಏನು ತೊಡಬೇಕು, ಕಾಲರಿನ ಗುಂಡಿ ಯಾಕಿದೆ, ಪ್ಯಾಂಟು ಪಾದದ ಮೇಲೆ ಎಲ್ಲಿಗೆ ನಿಲ್ಲಬೇಕು ಎಂದು ಅದು ಮಗ್ಗಿ ಹೇಳಿಕೊಟ್ಟಂತೆ ಹೇಳಿಕೊಟ್ಟಿತು. 1964ರಲ್ಲಿ ಒಲಿಂಪಿಕ್ಸ್ ಹತ್ತಿರ ಬಂದಾಗ ಟೋಕಿಯೊ ಪೊಲೀಸರು ಗಿಂಜಾ ಬೀದಿಗಳಲ್ಲಿ ಈ ವೇಷದಲ್ಲಿ ಅಡ್ಡಾಡುತ್ತಿದ್ದ ಹುಡುಗರನ್ನು ಹಿಡಿದು ಠಾಣೆಗೆ ಒಯ್ದರು. ಕಾಲರಿಗೆ ಗುಂಡಿ ಹಾಕಿಕೊಂಡದ್ದಕ್ಕೆ ಠಾಣೆ ಕಂಡ ಹುಡುಗರು ಬೇರೆಲ್ಲಿ ಸಿಕ್ಕಾರು! ಮರುವರ್ಷ ಇಶಿಜು ಬಳಗ ಅಮೆರಿಕದ ಕಾಲೇಜುಗಳಿಗೇ ಹೋಗಿ ವಿದ್ಯಾರ್ಥಿಗಳ ಉಡುಪನ್ನು ಸೆರೆಹಿಡಿದು ‘ಟೇಕ್ ಐವಿ’ ಎಂಬ ಪುಸ್ತಕ ತಂದಿತು. 2010ರಲ್ಲಿ ಆ ಪುಸ್ತಕ ಇಂಗ್ಲಿಷಿಗೆ ಬಂದಾಗ ಅಮೆರಿಕನ್ನರೇ ತಮ್ಮ ಅಜ್ಜಂದಿರ ಉಡುಪನ್ನು ಜಪಾನೀಯರಿಂದ ಕಲಿತರು. ಡಬ್ಲ್ಯು. ಡೇವಿಡ್ ಮಾರ್ಕ್ಸ್ ತನ್ನ ‘ಅಮೆಟೋರಾ’ ಪುಸ್ತಕದಲ್ಲಿ ಈ ಇತಿಹಾಸವನ್ನು ಸೊಗಸಾಗಿ ಬಿಡಿಸಿದ್ದಾನೆ, ಆಸಕ್ತಿ ಇರುವವರು ಓದಬಹುದು.

ಜಪಾನಿನಲ್ಲೇ 1976ರಲ್ಲಿ ಹುಟ್ಟಿದ ‘ಪೊಪೈ’ ಪತ್ರಿಕೆ ಇಂದಿಗೂ ಅಚ್ಚಾಗುತ್ತಿದೆ. ತನ್ನನ್ನು ಅದು ‘ನಗರದ ಹುಡುಗರ ಪತ್ರಿಕೆ’ ಎಂದು ಕರೆದುಕೊಳ್ಳುತ್ತದೆ. ಅದರಲ್ಲಿ ಸಾಮಾನುಗಳನ್ನು ಸಾಲಾಗಿ ಜೋಡಿಸಿ ತೆಗೆದ ಫೋಟೊ, ಪ್ರತಿಯೊಂದರ ಬೆಲೆ, ಸಿಗುವ ಅಂಗಡಿಯ ವಿವರ. ಜೊತೆಗೆ ಒಂಟಿ ಕೋಣೆಯಲ್ಲಿ ಬದುಕುವುದು, ಸಾರು ಮಾಡಿಕೊಳ್ಳುವುದು, ಹಳೆಯ ಪುಸ್ತಕದಂಗಡಿ ಹುಡುಕುವುದು. 2012ರಲ್ಲಿ ತಕಾಹಿರೊ ಕಿನೊಶಿತಾ ಎಂಬ ಸಂಪಾದಕ ಸೊರಗಿದ್ದ ಈ ಪತ್ರಿಕೆಗೆ ಹೊಸ ರೂಪ ಕೊಟ್ಟು ನಿಲ್ಲಿಸಿದ. ಆ ಕಿನೊಶಿತಾ 2018ರಲ್ಲಿ ಯೂನಿಕ್ಲೊ ಬಟ್ಟೆ ಕಂಪನಿಯನ್ನು ಸೇರಿದ. ಮರುವರ್ಷದಿಂದ ಯೂನಿಕ್ಲೊ ಅಂಗಡಿಗಳಲ್ಲಿ ‘ಲೈಫ್‌ವೇರ್’ ಎಂಬ ಪತ್ರಿಕೆ ಪುಕ್ಕಟೆ ಸಿಗತೊಡಗಿತು. ಇದಕ್ಕೂ ಮೊದಲು ಲಂಡನ್ನಿನಲ್ಲಿ ‘ಎಸ್ಕ್ವೈರ್’ ಸಂಪಾದಕನಾಗಿದ್ದ ಜೆರೆಮಿ ಲ್ಯಾಂಗ್‌ಮೀಡ್, 2011ರಲ್ಲಿ ಆರಂಭವಾದ ‘ಮಿಸ್ಟರ್ ಪೋರ್ಟರ್’ ಎಂಬ ಆನ್‌ಲೈನ್ ಬಟ್ಟೆ ಅಂಗಡಿಗೆ ಸಂಪಾದಕನಾಗಿ ಹೋಗಿದ್ದ. ಅಂಗಡಿಗೊಬ್ಬ ಸಂಪಾದಕ! ಪತ್ರಿಕೆ ಹುಟ್ಟಿದ ಜಾಗಕ್ಕೇ ವಾಪಸಾಗಿದೆ.

ಇದರಲ್ಲಿ ನನಗೆ ದೊಡ್ಡ ಆಕ್ಷೇಪವಿಲ್ಲ. ಬಟ್ಟೆ ಮಾರುವವನೇ ಬಟ್ಟೆಯ ಬಗ್ಗೆ ಹೇಳಿದರೆ ಓದುಗನಿಗೆ ಎಲ್ಲಿ ಎಷ್ಟು ನಂಬಬೇಕೆಂಬುದಾದರೂ ಗೊತ್ತಿರುತ್ತದೆ. ನಷ್ಟವಾದದ್ದು ಬೇರೆ ಕಡೆ. ಸಿನಾಟ್ರಾನ ನೆಗಡಿಯ ಬೆನ್ನು ಹತ್ತಿ ವಾರಗಟ್ಟಲೆ ಅಲೆಯಲು ಟಲೀಸನಿಗೆ ಖರ್ಚು ಕೊಟ್ಟದ್ದು ಕೋಟು, ಸಿಗರೇಟು, ವಿಸ್ಕಿಗಳ ಜಾಹೀರಾತು. ಆ ದುಡ್ಡು ಹೋದ ಮೇಲೆ ಅಂಥ ಬರಹಕ್ಕೆ ಜಾಗ ಕಿರಿದಾಗಿದೆ. ಬಟ್ಟೆಯ ಮಾಹಿತಿ ಹೇಗಾದರೂ ಸಿಗುತ್ತದೆ. ಒಬ್ಬ ಬರಹಗಾರನಿಗೆ ಮೂರು ತಿಂಗಳ ಸಂಬಳ, ಓಡಾಟದ ಖರ್ಚು ಕೊಟ್ಟು ಒಂದೇ ಲೇಖನ ಬರೆಸುವವರು ಸಿಗುವುದು ಕಷ್ಟ.

ನಮ್ಮ ಕಡೆಯ ಲೆಕ್ಕ

ಭಾರತಕ್ಕೆ ಈ ಪತ್ರಿಕೆಗಳು ಬಂದದ್ದು ತಡವಾಗಿ. ಮುಂಬೈಯ ‘ಮ್ಯಾನ್ಸ್ ವರ್ಲ್ಡ್’ 2000ದಲ್ಲಿ ಹುಟ್ಟಿತು. ‘ಮ್ಯಾಕ್ಸಿಮ್’ನ ಭಾರತೀಯ ಆವೃತ್ತಿ 2006ರಲ್ಲಿ, ‘ಜಿಕ್ಯೂ ಇಂಡಿಯಾ’ 2008ರಲ್ಲಿ ಬಂದವು. ಪಶ್ಚಿಮದಲ್ಲಿ ಸೂರ್ಯ ಇಳಿಯುತ್ತಿದ್ದಾಗ ಇಲ್ಲಿ ಹೊಸ ಮಾಲುಗಳು ಏಳುತ್ತಿದ್ದವು, ವಿದೇಶಿ ಕಂಪನಿಗಳು ಗಿರಾಕಿಯನ್ನು ಹುಡುಕುತ್ತಿದ್ದವು. ಆದರೆ ಪುಟ ತಿರುವಿದರೆ ಕಾಣುತ್ತಿದ್ದದ್ದು ಲಂಡನ್ನಿನ ಚಳಿಗೆ ಹೊಲಿದ ಉಣ್ಣೆಯ ಓವರ್‌ಕೋಟು. ಮೇ ತಿಂಗಳ ರಾಯಚೂರಿನಲ್ಲಿ ಮದುವೆಗೆ ಹೋಗುವವನು ಏನು ತೊಡಬೇಕು, ಬೆವರಿಗೆ ಯಾವ ಬಟ್ಟೆ ತಡೆಯುತ್ತದೆ, ಮಳೆಗಾಲದ ಮಡಿಕೇರಿಯಲ್ಲಿ ಬೂಟು ಒಣಗಿಸುವುದು ಹೇಗೆ ಎಂಬ ಪ್ರಶ್ನೆ ಅವುಗಳ ಕಣ್ಣಿಗೆ ಬೀಳಲಿಲ್ಲ.

ವಿಚಿತ್ರವೆಂದರೆ ಈ ದೇಶದ ಕಚೇರಿ ಗಂಡಸು ಏನು ತೊಡಬೇಕೆಂದು ನಿರ್ಧರಿಸಿದ ಊರು ನಮ್ಮ ಬೆಂಗಳೂರೇ. ಮದುರಾ ಗಾರ್ಮೆಂಟ್ಸ್ ಇಲ್ಲಿಂದಲೇ 1989ರಲ್ಲಿ ಲೂಯಿ ಫಿಲಿಪ್, ಆಮೇಲೆ ವ್ಯಾನ್ ಹ್ಯೂಸನ್, 1993ರಲ್ಲಿ ಆಲನ್ ಸಾಲಿ ಶರ್ಟುಗಳನ್ನು ಮಾರುಕಟ್ಟೆಗೆ ತಂದಿತು. ಶುಕ್ರವಾರ ಕಚೇರಿಗೆ ಟೈ ಇಲ್ಲದೆ, ಬಣ್ಣದ ಅಂಗಿಯಲ್ಲಿ ಹೋಗಬಹುದೆಂದು ಕಲಿಸಿದ್ದು ಆಲನ್ ಸಾಲಿಯ ಜಾಹೀರಾತು. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಕಾಜ ಹಾಕುವ, ಕಾಲರ್ ಕೂರಿಸುವ ಹೆಣ್ಣುಮಕ್ಕಳ ಕೈಯಿಂದ ಜಗತ್ತಿನ ದೊಡ್ಡ ದೊಡ್ಡ ಹೆಸರಿನ ಅಂಗಿಗಳು ಹೊರಬೀಳುತ್ತವೆ. ಒಳ್ಳೆಯ ಹೊಲಿಗೆ ಯಾವುದು, ಕಳಪೆ ಯಾವುದು ಎಂಬುದನ್ನು ಯಾವ ಫ್ಯಾಷನ್ ಸಂಪಾದಕನಿಗಿಂತಲೂ ಆ ಸಾಲಿನ ಸೂಪರ್‌ವೈಸರಮ್ಮ ಚೆನ್ನಾಗಿ ಬಲ್ಲಳು. ಅವಳನ್ನು ಯಾರೂ ಕೇಳಲಿಲ್ಲ.

ಕನ್ನಡದಲ್ಲಿ ಗಂಡಸರ ಉಡುಪಿಗೆಂದೇ ನೆಲೆನಿಂತ ಪತ್ರಿಕೆ ಬರಲಿಲ್ಲ. ಕಸ್ತೂರಿ, ಸುಧಾ, ಮಯೂರ, ತರಂಗ ಮನೆಮಂದಿಗೆಲ್ಲ ಆದವು; ಸೀರೆ, ಕುಪ್ಪಸ, ಕಸೂತಿಗೆ ಪುಟ ಸಿಕ್ಕಿತು, ಅಂಗಿ-ಪ್ಯಾಂಟಿಗೆ ಸಿಗಲಿಲ್ಲ. ಆ ಕೆಲಸವನ್ನು ಸಿನಿಮಾ ಮಾಡಿತು, ಟೈಲರ್ ಮಾಡಿದ. ಎಪ್ಪತ್ತರ ದಶಕದ ನಾಯಕರ ಬೆಲ್‌ಬಾಟಮ್, ವಿಷ್ಣುವರ್ಧನ್ ಕೈಯ ಕಡಗ, ‘ಕೆಜಿಎಫ್’ ಬಂದ ಮೇಲೆ ಊರೂರಲ್ಲಿ ಬೆಳೆದ ಯಶ್ ಗಡ್ಡ. ಇವೇ ನಮ್ಮ ಫ್ಯಾಷನ್ ಸಂಚಿಕೆಗಳು. ತೆರೆಯ ಹೊರಗೆ ರಾಜ್‌ಕುಮಾರ್ ಉಟ್ಟ ಬಿಳಿ ಪಂಚೆ, ಬಿಳಿ ಅಂಗಿ ಇಡೀ ಒಂದು ತಲೆಮಾರಿಗೆ ಸಭ್ಯತೆಯ ಅಳತೆಯಾಯಿತು. ಟೈಲರ್ ಅಂಗಡಿಯ ಗೋಡೆಯಲ್ಲಿ ಕೋಟು ತೊಟ್ಟ ಅಪರಿಚಿತನ ಬಣ್ಣದ ಪಟ ಇರುತ್ತಿತ್ತು. ಪೀಸ್ ಕೊಟ್ಟವನು ಪಟ ತೋರಿಸಿ ಹೀಗೇ ಬೇಕೆಂದರೆ, ಟೈಲರ್ ಟೇಪು ಹಿಡಿದು, ‘ನಿಮ್ಮ ಮೈಗೆ ಅದು ಕೂರಲ್ಲ ಸಾರ್, ನಾನು ಹೊಲೀತೀನಿ ಬಿಡಿ’ ಎನ್ನುತ್ತಿದ್ದ. ಓದುಗನ ಮೈ ನೋಡಿ ಮಾತಾಡುವ ಈ ನಿಷ್ಠುರ ಯಾವ ನುಣುಪು ಕಾಗದದ ಪತ್ರಿಕೆಗೂ ಇರಲಿಲ್ಲ. ಈಗ ಪೀಸ್ ಕೊಟ್ಟು ಹೊಲಿಸುವವರು ಕಡಿಮೆಯಾಗಿ, ಟೈಲರ್ ಬರೀ ಆಲ್ಟರಿಗೆ ಸೀಮಿತನಾಗಿರುವುದರಿಂದ ಆ ಮಾತೂ ಕೇಳಸಿಗುವುದು ಅಪರೂಪ.

ಹಾಗಾಗಿ ನಮ್ಮ ವಾರಪತ್ರಿಕೆಗಳ, ಪುರವಣಿಗಳ ಸಂಪಾದಕರಲ್ಲಿ ಒಂದು ಕೋರಿಕೆ. ಗಂಡಸರ ಉಡುಪಿಗೆ ತಿಂಗಳಿಗೆ ಅರ್ಧ ಪುಟ ಕೊಡಿ. ಮಾಡೆಲ್ ಬೇಡ, ಚಿತ್ರನಟ ಬೇಡ. ಹುಬ್ಬಳ್ಳಿಯ ಒಬ್ಬ ಟೈಲರನ್ನೋ ಪೀಣ್ಯದ ಒಬ್ಬ ಸೂಪರ್‌ವೈಸರನ್ನೋ ಮಾತಾಡಿಸಿ ಬರೆಸಿ: ಸಂದರ್ಶನಕ್ಕೆ ಹೋಗುವ ಹುಡುಗ ಸಾವಿರ ರೂಪಾಯಿಯೊಳಗೆ ಯಾವ ಅಂಗಿ ಕೊಳ್ಳಬಹುದು, ಕೊಳ್ಳುವ ಮುನ್ನ ಎಲ್ಲಿ ಎಳೆದು ನೋಡಬೇಕು, ಕೈಮಗ್ಗದ ಬಟ್ಟೆಯನ್ನು ಹೇಗೆ ಒಗೆಯಬೇಕು, ಹೊಟ್ಟೆ ಬಂದವರಿಗೆ ಪ್ಯಾಂಟು ಎಲ್ಲಿ ಕೂರಬೇಕು. ಬೆಲೆಯನ್ನು ಮುಚ್ಚಿಡಬೇಡಿ, ಕಂಪನಿಯ ಹೆಸರು ಹೇಳಲು ಹೆದರಬೇಡಿ, ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಎನ್ನಿ. ಓದುವವರು ಇದ್ದಾರೆ.